‘ರಾಟ್’ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ವಿದ್ಯಾರ್ಥಿನಿ ಚಂಡಮಾರುತದ ಹಾವಳಿಯನ್ನು ಬಣ್ಣಿಸುತ್ತಾ ಇಂಗ್ಲಿಷಿನಲ್ಲಿ ‘ರಾಟ್ ಹ್ಯಾವಕ್’ (wrought havoc, ಅಂದರೆ ಹಾವಳಿ ಉಂಟುಮಾಡಿತು) ಎಂದು ಬರೆದಿದ್ದಾಳೆ, ಅದನ್ನು ‘ರೀಕ್ಡ್’ (wreaked) ಎಂದು ತಿದ್ದಬೇಕೇ ಎಂದು ಕೇಳಿದ್ದೀಯ. ದಯವಿಟ್ಟು ಕೆಂಪು ಗೆರೆ ಎಳೆಯಬೇಡ. ಅವಳು ಬರೆದದ್ದು ಸರಿಯಾಗಿಯೇ ಇದೆ.

ರಾಟ್ ಎಂಬುದು ‘ರೀಕ್’ ಕ್ರಿಯಾಪದದ ಭೂತಕಾಲ ಎಂದು ಎಷ್ಟೋ ಜನ ನಂಬಿದ್ದಾರೆ. ಆದರೆ ಇವೆರಡಕ್ಕೂ ಸಂಬಂಧವಿಲ್ಲ. ರೀಕ್ ಧಾತುವಿಗೆ ಹಿಂದಿನ ಕಾಲದಲ್ಲಿ ಅಟ್ಟುವುದು, ಸೇಡು ತೀರಿಸಿಕೊಳ್ಳುವುದು ಎಂಬ ಅರ್ಥಗಳಿದ್ದವು. ಇಂದು ಅದರ ಭೂತಕಾಲ ರೀಕ್ಡ್. ರಾಟ್ ಹುಟ್ಟಿದ್ದು ನಾವು ದಿನವೂ ಬಳಸುವ ‘ವರ್ಕ್’ನಿಂದ. ಹಾವಳಿ ಉಂಟುಮಾಡಿತು ಎಂಬ ಅರ್ಥಕ್ಕೆ ಎರಡೂ ಒದಗುತ್ತವೆ, ಅಷ್ಟೇ.

ವರ್ಕ್ ಎಲ್ಲಿ, ರಾಟ್ ಎಲ್ಲಿ ಎಂದು ನೀನು ಹುಬ್ಬೇರಿಸುವುದು ಸಹಜ. ಹಳೆಯ ಇಂಗ್ಲಿಷಿನಲ್ಲಿ ಈ ಧಾತುವಿನ ಭೂತಕಾಲ ‘ವೊರ್ಹ್ತೆ’ ಎಂದಿತ್ತು. ನಡುವಿನ ಹಕಾರವನ್ನು ಜರ್ಮನರು ಇಂದಿಗೂ ಮಾಡುವಂತೆ ಗಂಟಲಿನಿಂದ ಉಜ್ಜಿ ಹೇಳುತ್ತಿದ್ದರು. ಕಾಲಕ್ರಮದಲ್ಲಿ ಸ್ವರದ ನಂತರವಿದ್ದ ರಕಾರ ಅದಕ್ಕಿಂತ ಮೊದಲಿಗೆ ಜಿಗಿದು ‘ವ್ರೊಹ್ತೆ’ ಆಯಿತು. ಇದೇ ವರ್ಣಪಲ್ಲಟ. ಇಂಗ್ಲಿಷಿನ ‘ಬರ್ಡ್’ ಕೂಡ ಒಂದು ಕಾಲಕ್ಕೆ ‘ಬ್ರಿಡ್’ ಆಗಿತ್ತು. ಅಲ್ಲಿ ರಕಾರ ಸಾಗಿದ್ದು ಹಿಮ್ಮುಖವಾಗಿ. ನಮ್ಮ ‘ಮರ’ದ ಎದುರು ತೆಲುಗಿನ ‘ಮ್ರಾನು’ ಇಟ್ಟು ನೋಡು, ಅಂಥದೇ ಜಿಗಿತ ಕಾಣುತ್ತದೆ. ಆಮೇಲೆ ಮೊದಲಿನ ವಕಾರವೂ ನಡುವಿನ ಗಂಟಲುಧ್ವನಿಯೂ ಉಚ್ಚಾರದಿಂದ ಬಿದ್ದುಹೋದವು. ಕಾಗುಣಿತ ಮಾತ್ರ ಪಟ್ಟು ಬಿಡಲಿಲ್ಲ: ಮೊದಲಲ್ಲಿ ಡಬ್ಲ್ಯು, ನಡುವೆ ಜಿ ಮತ್ತು ಎಚ್ ಇಂದಿಗೂ ಕುಳಿತಿವೆ. ಮಕ್ಕಳು ಶಪಿಸುವ ಆ ಮೂಕ ಅಕ್ಷರಗಳೆಂದರೆ ನನಗೆ ಬಹಳ ಪ್ರೀತಿ. ಒಂದು ಕಾಲದಲ್ಲಿ ಜನರ ಬಾಯಲ್ಲಿದ್ದ ಧ್ವನಿಗಳ ಗುರುತು ಅವು.

ಮುಂದೆ ‘ವರ್ಕ್ಡ್’ ಎಂಬ ಸರಳ ರೂಪ ಬಂದು ದಿನಬಳಕೆಯನ್ನು ಆಕ್ರಮಿಸಿತು. ಕಚೇರಿಯಲ್ಲಿ ದುಡಿದವರು, ಹೊಲದಲ್ಲಿ ಬೆವರು ಸುರಿಸಿದವರು ಎಲ್ಲರೂ ಅದರ ಪಾಲಾದರು. ರಾಟ್‌ಗೆ ಉಳಿದದ್ದು ಕೈಯಾರೆ ರೂಪಿಸಿದ ವಸ್ತುಗಳು ಮತ್ತು ಗಂಭೀರ ಮಾತುಗಳು. 1611ರ ಇಂಗ್ಲಿಷ್ ಬೈಬಲಿನ ತುಂಬ ಈ ರೂಪವಿದೆ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಕಳುಹಿಸಿದ ಪ್ರಸಿದ್ಧ ತಂತಿ ಸಂದೇಶ ‘ವಾಟ್ ಹ್ಯಾತ್ ಗಾಡ್ ರಾಟ್’. ‘ದೇವರು ಎಂಥ ಕಾರ್ಯ ಮಾಡಿದ್ದಾನೆ!’ ಎಂಬ ಉದ್ಗಾರ ಅದು. ಬೈಬಲಿನ ಅರಣ್ಯಕಾಂಡದ (ನಂಬರ್ಸ್) 23ನೆಯ ಅಧ್ಯಾಯದಿಂದ ಆ ಸಾಲನ್ನು ಆರಿಸಿಕೊಟ್ಟವಳು ಆ್ಯನಿ ಎಲ್ಸ್‌ವರ್ತ್ ಎಂಬ ಯುವತಿ. ಆ ಕಾಲದ ಅತ್ಯಂತ ಹೊಸ ಯಂತ್ರ ಅಷ್ಟು ಹಳೆಯ ಕ್ರಿಯಾರೂಪವನ್ನು ಹೊತ್ತು ಓಡಿತು. ಅಲ್ಲಿ ‘ವರ್ಕ್ಡ್’ ಹಾಕಿ ಓದಿ ನೋಡು, ಮಾತಿನ ತೂಕವೇ ಇಳಿದುಹೋಗುತ್ತದೆ.

ನಮ್ಮೂರಿನ ಗ್ರಿಲ್ ಅಂಗಡಿಗಳ ಫಲಕದಲ್ಲಿರುವ ‘ರಾಟ್ ಐರನ್’ ಕೂಡ ಇದೇ. ಕುಲುಮೆಯಿಂದ ಬಂದ ಬೀಡುಕಬ್ಬಿಣದಲ್ಲಿ ಇಂಗಾಲ ಹೆಚ್ಚು. ಬಡಿದರೆ ಬಿರುಕು ಬಿಡುತ್ತದೆ. ಅದನ್ನು ಮತ್ತೆ ಕಾಯಿಸಿ, ಕಲಕಿ, ಇಂಗಾಲವನ್ನು ಸುಟ್ಟು, ಮೆತ್ತಗಾದ ಮುದ್ದೆಯನ್ನು ಸುತ್ತಿಗೆಯಿಂದ ಬಡಿದು ಕಿಟ್ಟ ಹಿಂಡಿ ತೆಗೆದರೆ ಸಿಗುವುದು ರಾಟ್ ಐರನ್. ಅಳಿದುಳಿದ ಕಿಟ್ಟ ಎಳೆಎಳೆಯಾಗಿ ಒಳಗೇ ಉಳಿಯುವುದರಿಂದ ಮುರಿದಾಗ ಮರದಂತೆ ನಾರುನಾರಾಗಿ ಕಾಣುತ್ತದೆ. 1889ರ ಐಫೆಲ್ ಗೋಪುರ ನಿಂತಿರುವುದು ಇಂಥ ಕಬ್ಬಿಣದಲ್ಲಿ. ಈಗ ಗೇಟುಗಳಿಗೆ ಆ ಹೆಸರಿನಲ್ಲಿ ಮಾರುವುದು ಸಾಮಾನ್ಯವಾಗಿ ಮೆದು ಉಕ್ಕು. ಲೋಹ ಬದಲಾಗಿದೆ, ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಮನಸ್ಸು ತೀರಾ ಕದಡಿದವರನ್ನು ‘ಓವರ್‌ರಾಟ್’ ಎನ್ನುವುದೂ ಇದೇ ರೂಪದಿಂದ. ಮಿತಿಮೀರಿ ಕೆಲಸಕ್ಕೆ ಹಚ್ಚಲ್ಪಟ್ಟದ್ದು ಎಂಬುದು ಅದರ ಮೂಲಾರ್ಥ.

ತರಗತಿಯಲ್ಲಿ ಸಮಯವಿದ್ದರೆ ‘ಪ್ಲೇರೈಟ್’ ಪದವನ್ನೂ ಹಲಗೆಯ ಮೇಲೆ ಬರೆ. ನಾಟಕ ಬರೆಯುವವನಾದ್ದರಿಂದ ಅಲ್ಲಿರುವುದು ಬರೆಯುವ ‘ರೈಟ್’ ಎಂದು ಮಕ್ಕಳು ಊಹಿಸುತ್ತಾರೆ. ಕಾಗುಣಿತ ನೋಡಿದರೆ ಅದು ಬೇರೆಯೇ ರೈಟ್ (write ಅಲ್ಲ, wright). ವರ್ಕ್‌ನ ಧಾತುವಿನಿಂದಲೇ ಬಂದ ಹಳೆಯ ಇಂಗ್ಲಿಷಿನ ‘ವ್ಯುರ್ಹ್ತ’, ಅಂದರೆ ಕುಶಲಕರ್ಮಿ, ಅದರ ಮೂಲ. ಚಕ್ರ ಮಾಡುವವನು ವೀಲ್‌ರೈಟ್, ಹಡಗು ಕಟ್ಟುವವನು ಶಿಪ್‌ರೈಟ್, ನಾಟಕ ಕಟ್ಟುವವನು ಪ್ಲೇರೈಟ್. ವಿಮಾನ ಹಾರಿಸಿದ ಸಹೋದರರ ಮನೆತನದ ಹೆಸರೂ ಇದೇ.

ಆ ಹುಡುಗಿಗೆ ನನ್ನ ಶಾಬಾಸ್ ಹೇಳು.

ಇಂತಿ ನಿನ್ನ ಗೆಳೆಯ