ಶಾಲು ಸಾಕು ಸ್ವಾಮಿ, ಜೊತೆಗೊಬ್ಬರನ್ನು ಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಮಂಡ್ಯ ಜಿಲ್ಲೆ.

ವಿಷಯ: ಮಾತ್ರೆ, ಇಂಜೆಕ್ಷನ್ ನಶೆಯಿಂದ ಹೊರಬರುತ್ತಿರುವವರಿಗೆ ತಾಲ್ಲೂಕಿಗೊಬ್ಬ ಜೊತೆಗಾರರನ್ನು ಕೊಡುವ ಬಗ್ಗೆ (ಮೂರನೇ ಸಲ).

ಮಾನ್ಯರೇ,

ನಾನು ಮದ್ದೂರು ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಊರಿನ ಬಸುರಿಯರ ಜೊತೆ ಆಸ್ಪತ್ರೆಗೆ ಓಡಾಡುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡಿತು ಅಂತ ಬಾಗಿಲು ತಟ್ಟಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವವಳು. ಕಷ್ಟದಲ್ಲಿ ಜೊತೆಗೊಬ್ಬರು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಯಾರ ತರಬೇತಿಯೂ ಬೇಕಿಲ್ಲ. (ನಮ್ಮ ಗೌರವಧನದ ಕತೆ ಇಲ್ಲಿ ತೆಗೆಯುವುದಿಲ್ಲ. ಅದಕ್ಕೆ ಬೇರೆಯೇ ಪತ್ರ ಬೇಕು.)

ಇದು ನನ್ನ ತಮ್ಮನ ವಿಷಯ. ಇದೇ ವಿಷಯಕ್ಕೆ ಈಗಾಗಲೇ ಎರಡು ಅರ್ಜಿ ಬರೆದಿದ್ದೇನೆ. ಮೊದಲನೆಯದಕ್ಕೆ ಹಿಂಬರಹ ಬಂತು, ‘ಸದರಿ ಅರ್ಜಿಯನ್ನು ಸಂಬಂಧಪಟ್ಟವರಿಗೆ ವರ್ಗಾಯಿಸಲಾಗಿದೆ’ ಅಂತ. ಸಂಬಂಧಪಟ್ಟವರನ್ನು ಹುಡುಕಿಕೊಂಡು ಹೋದೆ. ಒಬ್ಬರು ಇದು ಆಸ್ಪತ್ರೆ ವಿಷಯ ಅಂದರು. ಇನ್ನೊಬ್ಬರು ಇದು ಪೊಲೀಸ್ ವಿಷಯ ಅಂದರು. ಮೂರನೆಯವರು ಊಟಕ್ಕೆ ಹೋಗಿದ್ದರು. ಎರಡನೇ ಅರ್ಜಿಗೆ ಹಿಂಬರಹವೂ ಇಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ತಮ್ಮ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡ್ ಮಾಡುತ್ತಿದ್ದ. ಬಿಡುವಿದ್ದಾಗ ಮರ ಹತ್ತುತ್ತಿದ್ದ. 2019ರಲ್ಲಿ ಮರದಿಂದ ಬಿದ್ದು ಸೊಂಟಕ್ಕೆ ಏಟಾಯಿತು. ನೋವಿಗೆ ಮಾತ್ರೆ ಬರೆದುಕೊಟ್ಟರು. ಹತ್ತು ದಿನಕ್ಕೆ ಬರೆದದ್ದು ಹತ್ತು ತಿಂಗಳಾದರೂ ನಿಲ್ಲಲಿಲ್ಲ. ಚೀಟಿ ಹರಿದುಹೋಯಿತು. ಅಷ್ಟರೊಳಗೆ ಮೆಡಿಕಲ್ ಸ್ಟೋರಿನವರಿಗೆ ಮುಖ ಪರಿಚಯವಾಗಿತ್ತು. ಅಫೀಮು ಜಾತಿಯ ನೋವಿನ ಮಾತ್ರೆ ಟ್ರಾಮಡಾಲ್ 2018ರಲ್ಲೇ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯ ಪಟ್ಟಿಗೆ ಸೇರಿದ್ದು ನಿಮಗೆ ಗೊತ್ತು. ಅದು ಕೈಗೆ ಸಿಗುವುದು ಕಷ್ಟವಾದ ಮೇಲೆ ಹುಡುಗರು ಅದೇ ಜಾತಿಯ ಟಪೆಂಟಡಾಲ್ ಕಡೆ ಹೊರಳಿದ್ದೂ ನಿಮಗೆ ಗೊತ್ತು. ನುಂಗುತ್ತಿದ್ದವನು ಚುಚ್ಚಿಕೊಳ್ಳಲು ಶುರು ಮಾಡಿದ್ದು ಯಾವಾಗ ಅಂತ ನನಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ. ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ, ಆವಾಗಲೇ ಹೊಳೆಯಬೇಕಿತ್ತು. ಊರಿನ ಮಕ್ಕಳಿಗೆಲ್ಲ ಸೂಜಿ ಹಾಕಿಸುವವಳು ನಾನು. ಮನೆಯೊಳಗಿನ ಸೂಜಿ ಕಣ್ಣಿಗೆ ಬೀಳಲಿಲ್ಲ.

ಮೊದಲು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಅಮ್ಮನ ಓಲೆ ಅಡವಿಟ್ಟು ಮೂರು ತಿಂಗಳ ದುಡ್ಡು ಕಟ್ಟಿದೆವು. ಮಾತ್ರೆ ನಿಂತಾಗ ಮೂಗು, ಕಣ್ಣು ಸೋರುತ್ತವೆ, ಮೂಳೆ ಮೂಳೆ ನೋಯುತ್ತದೆ, ವಾಂತಿಭೇದಿ ಆಗುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ಔಷಧ ಇದೆ. ಅಲ್ಲಿ ಕೊಟ್ಟಿದ್ದು ಔಷಧವಲ್ಲ, ಮಂಚಕ್ಕೆ ಕಟ್ಟಿದ ಸರಪಳಿ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟಬಾರದು, ಕುಡಿತ ಮತ್ತು ನಶೆಯಿಂದ ಬಂದ ಕಾಯಿಲೆಯೂ ಮನೋರೋಗದ ಲೆಕ್ಕಕ್ಕೇ ಬರುತ್ತದೆ ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದಂತೆ. ನಿಮಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ಬಿಡುಗಡೆಯಾಗಿ ಬಂದ ಐದನೇ ದಿನ ಮತ್ತೆ ಶುರು ಮಾಡಿದ.

ಆಮೇಲೆ ಮೈಸೂರಿನ ಒಬ್ಬ ಮನೋವೈದ್ಯರು ಸಿಕ್ಕರು. ಪುಣ್ಯಾತ್ಮರು, ಬೈಯಲಿಲ್ಲ. ಬ್ಯುಪ್ರನಾರ್ಫಿನ್ ಮತ್ತು ನಾಲೋಕ್ಸೋನ್ ಸೇರಿದ ಮಾತ್ರೆ ಶುರು ಮಾಡಿದರು. ನಾಲಿಗೆ ಕೆಳಗಿಟ್ಟು ಪೂರ್ತಿ ಕರಗುವವರೆಗೂ ಸುಮ್ಮನೆ ಕೂತಿರಬೇಕು. ಅದು ಚಡಪಡಿಕೆ ನಿಲ್ಲಿಸುತ್ತದೆ, ಆಸೆ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇದ್ದ ಹಾಗೆ ತಿಳ್ಕೊಳ್ಳಿ, ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ತಗೋಬೇಕು, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ ಅಂದರು. ಮೊದಲು ದಿನಾ ಹೋಗುತ್ತಿದ್ದೆವು, ಆಮೇಲೆ ವಾರಕ್ಕೊಂದು ಸಲ. ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಅವನಿಗೆ ದುಡ್ಡಿನ ಟಿಕೆಟ್. ಕಾಯಿಲೆ ಅವನಿಗೆ, ಉಚಿತ ನನಗೆ.

ಏಳು ತಿಂಗಳು ಚೆನ್ನಾಗಿದ್ದ. ಎಳನೀರು ಮಂಡಿಗೆ ಕೆಲಸಕ್ಕೆ ವಾಪಸು ಹೋದ. ಲೋಡಿಂಗ್ ಬೇಡ, ಲೆಕ್ಕ ಬರಿ ಅಂತ ಯಜಮಾನರು ಕೂರಿಸಿದರು. ಆದರೆ ರಾತ್ರಿ ಹತ್ತಾದರೆ ಮನೆ ಮುಂದೆ ಸುಮ್ಮನೆ ಅತ್ತಿಂದಿತ್ತ ನಡೆಯುತ್ತಿದ್ದ. ಕೇಳಿದರೆ, “ಅಗಲೆಲ್ಲಾ ಎಂಗೋ ಆಯ್ತದೆ ಕಣಕ್ಕ, ರಾತ್ರಿನೇ ಆಗಕಿಲ್ಲ. ನಿನ್ ತಾವ ಏಳ್ಕಳಕ್ಕೆ ನಾಚ್ಕೆ ಆಯ್ತದೆ. ಇದ್ನ ಅನುಭವ್ಸಿರೋನು ಒಬ್ಬ ಸಿಕ್ಕುದ್ರೆ ಸಾಕಾಗಿತ್ತು” ಅಂದ. ನನ್ನ ಮೂರೂ ಅರ್ಜಿಯ ಸಾರ ಇಷ್ಟೇ ಸ್ವಾಮಿ. ಅವನು ಒಂದು ರಾತ್ರಿ ಜಗಲಿ ಮೇಲೆ ಹೇಳಿದ್ದನ್ನು ನಾನು ಕಚೇರಿ ಭಾಷೆಯಲ್ಲಿ ಬರೆದುಕೊಟ್ಟಿದ್ದೇನೆ.

ಈಗ ಆ ದಿನಕ್ಕೆ ಬರುತ್ತೇನೆ. 2025ರ ಜೂನ್ 26, ಮಾದಕ ವಸ್ತು ವಿರೋಧಿ ದಿನ. ಅದಕ್ಕೆ ಒಂದು ವಾರ ಮೊದಲು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಸೂಚನೆ ಬಂತು: ಕಾರ್ಯಕ್ರಮಕ್ಕೆ ‘ವ್ಯಸನಮುಕ್ತ ವ್ಯಕ್ತಿ’ಯೊಬ್ಬರನ್ನು ಕಡ್ಡಾಯವಾಗಿ ಕರೆತರತಕ್ಕದ್ದು. ಲಸಿಕೆಗೆ ಮಗು ತನ್ನಿ, ಶಿಬಿರಕ್ಕೆ ಬಿಪಿಯವರನ್ನು ತನ್ನಿ ಅನ್ನುವ ಹಾಗೇ. ಕರೆದುಕೊಂಡು ಹೋದವಳು ನಾನೇ. ಹೆಸರು ಹೇಳುವುದಿಲ್ಲ, ಸುಮ್ಮನೆ ಮುಂದಿನ ಸಾಲಿನಲ್ಲಿ ಕೂತರೆ ಸಾಕು ಅಂದಿದ್ದರು. ನಂಬಿದೆ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ.

ವೇದಿಕೆ ಮೇಲೆ ಕರೆದರು. ಹೆಸರು ಹಿಡಿದು, ಊರು ಸಮೇತ. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಕೈಗೊಂದು ಹಣ್ಣಿನ ಬುಟ್ಟಿ. ‘ನಶೆಯ ಕೂಪದಿಂದ ಎದ್ದುಬಂದ ಯುವಕ’ ಅಂದರು ನಿರೂಪಕರು. ಎದುರಿಗೆ ಬಸ್ಸಿನಲ್ಲಿ ತುಂಬಿಕೊಂಡು ಬಂದಿದ್ದ ಕಾಲೇಜು ಮಕ್ಕಳು. ಅತಿಥಿಗಳಲ್ಲಿ ಒಬ್ಬರು ಮೈಕು ಹಿಡಿದು, ಹೇಗಪ್ಪಾ ಬಿಟ್ಟೆ, ಮಕ್ಕಳಿಗೆ ಹೇಳು ಅಂದರು. ನನ್ನ ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ನಶೆ ಮಾಡುತ್ತಿದ್ದ ವರ್ಷಗಳಲ್ಲಿ ಬೇಕಾದಷ್ಟು ಹೇಳಿದ್ದ, ಆಮೇಲೆ ಮರೆತುಬಿಟ್ಟಿದ್ದ ಅಂತ ಕಾಣುತ್ತದೆ. “ಡಾಕ್ಟ್ರು ಮಾತ್ರೆ ಕೊಟ್ಟವ್ರೆ ಸಾ, ಅದ ತಗತಾ ಇವ್ನಿ” ಅಂದ. ಅತಿಥಿಗಳು ಸಭೆಯ ಕಡೆ ತಿರುಗಿ, “ಹಾಗಾದರೆ ಇನ್ನೂ ಬಿಟ್ಟಿಲ್ಲ ಅನ್ನು, ಅಂಗಡಿ ಬದಲಾಯಿಸಿದ್ದೀಯ ಅಷ್ಟೇ!” ಅಂದರು.

ಸಭೆ ನಕ್ಕಿತು. ಇವನೂ ನಕ್ಕ. ಪೇಟ ಜಾರಿ ಕಿವಿ ಮೇಲೆ ಬಂದಿತ್ತು, ಎರಡೂ ಕೈಯಲ್ಲಿ ಬುಟ್ಟಿ, ಸರಿ ಮಾಡಿಕೊಳ್ಳಲು ಆಗಲಿಲ್ಲ.

ಅದೇ ಸಂಜೆ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿತು. ನಾಕು ದಿನಕ್ಕೆ ಮಂಡಿಯ ಯಜಮಾನರು, ಸ್ವಲ್ಪ ದಿನ ಮನೇಲಿರಪ್ಪ, ದುಡ್ಡಿನ ವ್ಯವಹಾರ ಅಲ್ವಾ ಅಂದರು. ಅವರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಸೊಂಟದ ನೋವಿಗೆ ಮೈಸೂರಿಗೆ ಹೋಗುತ್ತಾನೆ ಅಂದುಕೊಂಡಿದ್ದರು. ತಮ್ಮ ಮಾತು ಬಿಟ್ಟ. ನನಗೆ ಹೇಳದೆ ಬ್ಯುಪ್ರನಾರ್ಫಿನ್ ಬಿಟ್ಟ. ಆಮೇಲೆ ಗೊತ್ತಾಗಿ ಕೇಳಿದರೆ, “ಅಷ್ಟ್ ದೊಡ್ಡೋರೇ ಇದೂ ನಶೆ ಅಂದ್ಮ್ಯಾಕೆ?” ಅಂದ.

ಜುಲೈ ಕೊನೆಯಲ್ಲಿ ವಿಸಿ ನಾಲೆ ಏರಿ ಪಕ್ಕದ ಪಂಪ್‌ಹೌಸ್ ಹಿಂದೆ ಬಿದ್ದಿದ್ದ. ಹಸು ಅಟ್ಟಿಕೊಂಡು ಹೋಗಿದ್ದ ಹುಡುಗ ಓಡಿಬಂದು ಹೇಳಿದ. ನಾನು ಹೋಗುವಷ್ಟರಲ್ಲಿ ತುಟಿ ನೀಲಿ. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಎಷ್ಟೋ ಹೊತ್ತಾದ ಮೇಲೆ ಮತ್ತೆ ಬರುತ್ತಿತ್ತು. ಬಿಟ್ಟು ಕೆಲವು ವಾರವಾದರೆ ಮೈ ಹಳೆಯ ಅಳತೆ ಮರೆತಿರುತ್ತದೆ, ಮೊದಲು ತಡೆದುಕೊಳ್ಳುತ್ತಿದ್ದಷ್ಟೇ ತಗೊಂಡರೂ ಉಸಿರು ನಿಲ್ಲುತ್ತದೆ. ಇದನ್ನು ನಾನು ಆವತ್ತು ರಾತ್ರಿ ಆಸ್ಪತ್ರೆಯ ಡಾಕ್ಟರ ಬಾಯಲ್ಲಿ ಕೇಳಿದೆ. ಮೊದಲೇ ಹೇಳುವವರು ಒಬ್ಬರು ಬೇಕಿತ್ತು. 108 ಬಂತು, ನಶೆ ಇಳಿಸಿ ಉಸಿರು ಮರಳಿಸುವ ನಾಲೋಕ್ಸೋನ್ ಚುಚ್ಚಿದರು, ಉಳಿದ. ವಾರ್ಡಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಅದೇ ಸುದ್ದಿ ನೋಡುತ್ತಿದ್ದರು: ಮುಂಬೈ ಪೊಲೀಸರು ಮೈಸೂರಿಗೇ ಬಂದು ಎಂಡಿ ಅನ್ನುವ ನಶೆಪುಡಿ ತಯಾರಿಸುವ ಕಾರ್ಖಾನೆ ಹಿಡಿದರಂತೆ, ನೂರಾರು ಕೋಟಿಯ ಮಾಲಂತೆ. ಅದು ಬೇರೆ ಜಾತಿಯ ಮಾಲು, ನನ್ನ ತಮ್ಮನ ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಪಕ್ಕದ ಹಾಸಿಗೆಯ ಕಡೆಯವರು ಸುದ್ದಿ ನೋಡುವುದು, ಇವನನ್ನು ನೋಡುವುದು, ಮತ್ತೆ ಸುದ್ದಿ ನೋಡುವುದು.

ಮಾನ್ಯರೇ, ಜಿಲ್ಲೆಯ ಮಾದಕ ವಸ್ತು ನಿಯಂತ್ರಣ ಸಮನ್ವಯ ಸಮಿತಿಗೆ, ಅದೇ ಎನ್‌ಕಾರ್ಡ್ ಸಮಿತಿಗೆ, ನೀವೇ ಅಧ್ಯಕ್ಷರು. ಆದ್ದರಿಂದ ನಿಯಮ ನಿಮಗೆ ಹೇಳಬೇಕಾಗಿಲ್ಲ. ಸ್ವಂತಕ್ಕೆ ಬಳಸಿದ ಇಲ್ಲವೇ ಅಲ್ಪ ಪ್ರಮಾಣದ ಮಾಲಿನ ಕೇಸಿನಲ್ಲಿ, ತಾನಾಗಿ ಬಂದು ಚಿಕಿತ್ಸೆ ತಗೊಂಡ ವ್ಯಸನಿಯ ಮೇಲೆ ಮೊಕದ್ದಮೆ ನಡೆಸಬಾರದು ಅಂತ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇದೆ. ನಶೆ ಬಿಟ್ಟ ಹುಡುಗರನ್ನೇ ಗೆಳೆಯರ ಹಾಗೆ ಕಳಿಸುವುದಕ್ಕೆ, ಬೀದಿಯಲ್ಲೇ ಹೋಗಿ ಮಾತಾಡಿಸುವುದಕ್ಕೆ ನಶೆಯ ಬೇಡಿಕೆ ತಗ್ಗಿಸುವ ಕೇಂದ್ರ ಸರ್ಕಾರದ 2018ರ ಕ್ರಿಯಾಯೋಜನೆಯಲ್ಲಿ ಜಾಗ ಇದೆ. ಎಚ್‌ಐವಿ ಕಾರ್ಯಕ್ರಮದಲ್ಲಿ ಪೀರ್ ಎಜುಕೇಟರ್‌ಗಳು, ಅಂದರೆ ಅದೇ ಬದುಕು ಕಂಡ ಜೊತೆಗಾರರು, ಇದೇ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ಬಸುರಿಗೆ ನಾನಿದ್ದೇನೆ. ಟಿಬಿ ರೋಗಿಗೆ ಮಾತ್ರೆ ನುಂಗಿಸುವವರಿದ್ದಾರೆ, ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೆ ಖಾತೆಗೆ ಬರುತ್ತದೆ, ಸಾಲದು ಅಂತ 2022ರಿಂದ ರೋಗಿಗೆ ಆಸರೆಯಾಗುವ ನಿಕ್ಷಯ ಮಿತ್ರರೂ ಇದ್ದಾರೆ. ಕ್ಷಯಕ್ಕೆ ಮಿತ್ರ ಇರಬಹುದು, ಇದಕ್ಕೆ ಯಾಕೆ ಇರಬಾರದು? ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಅಫೀಮು ಜಾತಿಯ ನಶೆಗೆ ಸಹಾಯ ಬೇಕು ಅಂತ 2019ರಲ್ಲಿ ಕೇಂದ್ರವೇ ಏಮ್ಸ್‌ನಿಂದ ಸಮೀಕ್ಷೆ ಮಾಡಿಸಿ ಹೇಳಿತು. ಅವರಲ್ಲಿ ಒಬ್ಬನಿಗೆ ನಾನು ಅಕ್ಕ.

ಸಹಾಯವಾಣಿ ಇದೆ ಅನ್ನುತ್ತೀರಿ. ಇದೆ. 14416ಕ್ಕೆ ನಾನೇ ಎರಡು ಸಲ ಮಾಡಿದ್ದೇನೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಅವರಿಗೆ ಒಳ್ಳೆಯದಾಗಲಿ. ಆದರೆ ಮಂಡಿಯ ಯಜಮಾನರ ಮುಂದೆ ಹೋಗಿ, ‘ಇದು ಔಷಧ ಸ್ವಾಮಿ, ನಶೆಯಲ್ಲ, ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಿ’ ಅಂತ ಫೋನು ಹೇಳುವುದಿಲ್ಲ. ನಾನು ಹೇಳಿದರೆ, ಅಕ್ಕ ಅಲ್ವಾ, ಹೇಳ್ತಾಳೆ ಬಿಡು ಅನ್ನುತ್ತಾರೆ.

ಕೇಳುತ್ತಿರುವುದು ಒಂದೇ. ತಾಲ್ಲೂಕಿಗೊಬ್ಬರನ್ನು ಕೊಡಿ. ಈ ನಶೆಯಿಂದ ಹೊರಗೆ ಬಂದು ಒಂದೆರಡು ವರ್ಷವಾದವರು ಆಗಿರಲಿ, ತರಬೇತಿ ಕೊಡಿ, ಸಂಬಳ ಕೊಡಿ. ಗೌರವಧನ ಅಂತ ಮಾತ್ರ ಹೆಸರಿಡಬೇಡಿ, ಅದರ ರುಚಿ ನನಗೆ ಗೊತ್ತು. ಅವರು ಹುಡುಗರ ಜೊತೆ ಆಸ್ಪತ್ರೆಗೆ ಹೋಗಲಿ, ಮಾತ್ರೆ ತಪ್ಪಿದ ದಿನ ಮನೆಗೆ ಬಂದು ನೋಡಲಿ, ರಾತ್ರಿ ಹತ್ತರ ಮೇಲೆ ಫೋನ್ ಎತ್ತಲಿ. ಖಾಕಿ ಹಾಕಿದವರು ಬೇಡ, ಭಾಷಣ ಮಾಡುವವರು ಬೇಡ. ಏಳು ತಾಲ್ಲೂಕಿಗೆ ಏಳು ಜನ. ಒಂದು ಸಮಾರಂಭದ ಪೆಂಡಾಲು, ಊಟ, ಫ್ಲೆಕ್ಸಿನ ಖರ್ಚು ಎಷ್ಟು ಅಂತ ನಾನು ಕೇಳುವುದಿಲ್ಲ. ನೀವೇ ಒಂದು ಸಲ ಕೇಳಿ ತಿಳಿದುಕೊಳ್ಳಿ, ಎಷ್ಟು ತಿಂಗಳ ಸಂಬಳವಾಗುತ್ತದೆ ನೋಡಿ.

ನನ್ನ ತಮ್ಮ ಮತ್ತೆ ಮಾತ್ರೆ ಶುರು ಮಾಡಿದ್ದಾನೆ. ಮಾತು ಇನ್ನೂ ಪೂರ್ತಿ ಶುರುವಾಗಿಲ್ಲ. ಮೈಸೂರಿನ ಡಾಕ್ಟರು ಗುರುವಾರ ಬರಲು ಹೇಳಿದ್ದಾರೆ, ಪ್ರತಿ ಗುರುವಾರ. ನಮ್ಮಲ್ಲಿ ಗುರುವಾರ ಲಸಿಕೆಯ ದಿನ ಅಂತ ನಿಮಗೆ ಗೊತ್ತೇ ಇದೆ. ಹನ್ನೊಂದು ಮಕ್ಕಳ ಪಟ್ಟಿ ಕೈಯಲ್ಲಿದೆ, ನಾನು ಅಂಗನವಾಡಿಯಲ್ಲಿ ಇರಲೇಬೇಕು. ಒಬ್ಬನೇ ಹೋಗುತ್ತೇನೆ ಅನ್ನುತ್ತಾನೆ. ಹೋದ ಗುರುವಾರ ಒಬ್ಬನೇ ಹೊರಟವನು ಮಂಡ್ಯದಲ್ಲೇ ಇಳಿದು ಸಂಜೆಗೆ ವಾಪಸು ಬಂದ.

ಈ ಗುರುವಾರ ಅವನ ಜೊತೆ ಯಾರು ಹೋಗುತ್ತಾರೆ, ದಯವಿಟ್ಟು ತಿಳಿಸಿ.

ಇತಿ,
ಮದ್ದೂರು ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆ
(ಹೆಸರು, ಊರು ಹಾಕಿಲ್ಲ. ಒಂದು ಸಲ ಹಾಕಿದ್ದೇ ಸಾಕಾಗಿದೆ.)

ಅಡಕ: ಹಿಂಬರಹದ ಜೆರಾಕ್ಸ್ ಪ್ರತಿ ಒಂದು. ಶಾಲು ಒಂದು. ಮೈಸೂರು ಪೇಟ ಒಂದು. ಹಣ್ಣು ಉಳಿದಿಲ್ಲ, ಬುಟ್ಟಿಯನ್ನು ಅಮ್ಮ ಈರುಳ್ಳಿಗೆ ಇಟ್ಟುಕೊಂಡಿದ್ದಾರೆ.