ಕರೆಂಟ್ ಇಲ್ಲದೆ ರಾತ್ರಿಯಿಡೀ ನಿಂತ ರೀಫರ್ ಕಂಟೇನರ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕಂಟೇನರ್ ಟರ್ಮಿನಲ್

ವಿಷಯ: ನಮ್ಮ ರೀಫರ್ (ತಂಪು ಕಾಯುವ ಯಂತ್ರವಿರುವ) ಕಂಟೇನರ್‌ಗೆ 11 ಗಂಟೆ ಕಾಲ ಕರೆಂಟ್ ಕೊಡದೆ, ಅದೇ ಅವಧಿಗೆ ಪ್ಲಗ್ ಶುಲ್ಕ ಹಾಕಿರುವ ಕುರಿತು.

ಮಾನ್ಯರೇ,

ಕಳೆದ ಮಂಗಳವಾರ ರಾತ್ರಿ 8.40ಕ್ಕೆ ನಮ್ಮ 40 ಅಡಿಯ ರೀಫರ್ ಕಂಟೇನರ್ ನಿಮ್ಮ ಗೇಟ್ ದಾಟಿ ಒಳಗೆ ಬಂತು. ಅದರಲ್ಲಿದ್ದದ್ದು ಫ್ರೋಜನ್ ಮೀನು. ಗೇಟ್ ಚೀಟಿಯಲ್ಲಿ ನಿಮ್ಮ ಸಿಬ್ಬಂದಿಯೇ ಮೈನಸ್ 18 ಡಿಗ್ರಿ ಎಂದು ಬರೆದು, ಸೀಲ್ ಸರಿಯಿದೆ ಎಂದು ಸಹಿ ಹಾಕಿದ್ದಾರೆ.

ಬೆಳಿಗ್ಗೆ 7.45ಕ್ಕೆ ನಾನು ಯಾರ್ಡಿಗೆ ಬಂದಾಗ ಆ ಸಾಲಿನ ಉಳಿದ ರೀಫರ್‌ಗಳೆಲ್ಲ ಗುಂಯ್‌ಗುಡುತ್ತಿದ್ದವು. ನಮ್ಮದರಲ್ಲಿ ಮಾತ್ರ ಸದ್ದಿಲ್ಲ. ಕೇಬಲ್ ಸುತ್ತಿಟ್ಟಂತೆಯೇ ಇತ್ತು. ಎದುರಿನ ಸಾಕೆಟ್‌ನ ಮುಚ್ಚಳ ಮುರಿದು, ಒಳಗಿನ ಲೋಹ ಉಪ್ಪುಗಾಳಿಗೆ ಹಸಿರುಗಟ್ಟಿತ್ತು. ಬೇರೆ ಸಾಕೆಟ್‌ಗೆ ಹಾಕಿಸಿದ ಮೇಲೆ ಡಿಸ್‌ಪ್ಲೇ ತೋರಿಸಿದ್ದು ಮೈನಸ್ 9. ಅದರ ಫೋಟೋ ಲಗತ್ತಿಸಿದ್ದೇನೆ.

‘ಬಾಗಿಲು ತೆಗೆದಿಲ್ಲವಲ್ಲ, ಮತ್ತೆ ತಣ್ಣಗಾಗುತ್ತೆ ಬಿಡಿ’ ಎಂದರು ನಿಮ್ಮ ಮೇಲ್ವಿಚಾರಕರು. ಈ ಮಾತಿಗೆ ನನಗೆ ಬಿಲ್‌ಗಿಂತ ಹೆಚ್ಚು ನೋವಾಗಿದೆ. ರೀಫರ್ ಯಂತ್ರ ಇರುವುದು ಮೊದಲೇ ಹೆಪ್ಪುಗಟ್ಟಿಸಿದ ಸರಕಿನ ತಂಪನ್ನು ಕಾಯುವುದಕ್ಕೆ, ಸಡಿಲಾದ ಸರಕನ್ನು ಮತ್ತೆ ಗಟ್ಟಿ ಮಾಡುವುದಕ್ಕಲ್ಲ. ಅದರಲ್ಲಿ ನಿಧಾನವಾಗಿ ಮರಳಿ ಹೆಪ್ಪುಗಟ್ಟುವಾಗ ಮಂಜಿನ ಹರಳು ದೊಡ್ಡದಾಗಿ ಬೆಳೆದು ಮೀನಿನ ಮಾಂಸವನ್ನು ಸೀಳುತ್ತದೆ. ಕರಗಿಸಿದಾಗ ನೀರೆಲ್ಲ ಸೋರಿ ಮಾಂಸ ಮೆತ್ತಗಾಗುತ್ತದೆ. ಇದನ್ನು ಮುಚ್ಚಿಡಲೂ ಆಗದು, ನಾವು ಮುಚ್ಚಿಡುವವರೂ ಅಲ್ಲ. ಕಂಟೇನರ್‌ನ ಲಾಗರ್ (ತಾಪಮಾನ ಬರೆದಿಡುವ ಸಾಧನ) ಆ ರಾತ್ರಿಯನ್ನು ದಾಖಲಿಸಿಕೊಂಡಿದೆ, ಅತ್ತಕಡೆಯ ಖರೀದಿದಾರರು ಮೊದಲು ಕೇಳುವುದೇ ಅದನ್ನು. ಹಾಗಾಗಿ ಸರಕನ್ನು ತಪಾಸಣೆಗೆ ಹೊರಗೆಳೆದೆವು, ಹಡಗು ತಪ್ಪಿತು.

2016ರ ಜುಲೈ 1ರಿಂದ ದೃಢೀಕೃತ ತೂಕ ಕೊಡದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ಕೊನೆಯ ಗಡುವಿಗಿಂತ ಒಂದು ನಿಮಿಷ ತಡವಾದರೂ ನೀವು ನಮ್ಮ ತೂಕದ ಪತ್ರ ತೆಗೆದುಕೊಳ್ಳುವುದಿಲ್ಲ. ಅದು ಹಡಗಿನ ಮತ್ತು ಜನರ ಸುರಕ್ಷತೆಯ ವಿಷಯ, ಒಪ್ಪುತ್ತೇನೆ. ಈ ಸಲವೂ ಒಂದು ದಿನ ಮೊದಲೇ ಕೊಟ್ಟಿದ್ದೆವು. ಅಷ್ಟೇ ಕಟ್ಟುನಿಟ್ಟು ನಿಮ್ಮ ಪ್ಲಗ್ ರಿಜಿಸ್ಟರ್‌ನಲ್ಲೂ ಇರಬೇಡವೇ? ಬಿಲ್‌ನಲ್ಲಿ ಆ ಇಡೀ ರಾತ್ರಿಗೆ ಪ್ಲಗ್ ಶುಲ್ಕವಿದೆ. ಮುಂದಿನ ಹಡಗಿಗೆ ಕಾದ ದಿನಗಳಿಗೆ ಯಾರ್ಡ್ ಬಾಡಿಗೆಯೂ ಇದೆ.

ಎರಡನ್ನೂ ರದ್ದು ಮಾಡಬೇಕು. ಆ ರಾತ್ರಿಯ ಪ್ಲಗ್ ರಿಜಿಸ್ಟರ್ ಮತ್ತು ತಾಪಮಾನ ನೋಡಿ ಬರೆದ ಹಾಳೆಯ ಪ್ರತಿ ನಮಗೆ ಬೇಕು. ಸರಕಿನ ನಷ್ಟದ ಬಗ್ಗೆ ಸರ್ವೇಯರ್ ವರದಿ ಬಂದ ಕೂಡಲೇ ಪ್ರತ್ಯೇಕವಾಗಿ ಬರೆಯುತ್ತೇವೆ. ಸಾಕೆಟನ್ನು ಮಾತ್ರ ವರದಿಗೆ ಕಾಯದೆ ಇಂದೇ ಸರಿಪಡಿಸಿ. ನಾಳೆ ಅಲ್ಲಿ ಇನ್ನೊಬ್ಬರ ಔಷಧಿಯ ಕಂಟೇನರ್ ನಿಲ್ಲಬಹುದು.

ಇನ್ನೊಂದು ಮಾತು. ರಾತ್ರಿ ಪಾಳಿಯಲ್ಲಿ ಅಷ್ಟೂ ಸಾಲುಗಳಿಗೆ ಪ್ಲಗ್ ಹಾಕಲು ಒಬ್ಬನೇ ಹುಡುಗನಿದ್ದ ಎಂದು ತಿಳಿಯಿತು. ದಯವಿಟ್ಟು ಅವನನ್ನು ಕೆಲಸದಿಂದ ತೆಗೆದು ಕಡತ ಮುಚ್ಚಬೇಡಿ. ಅವನ ಜೊತೆಗೆ ಇನ್ನಿಬ್ಬರನ್ನು ಹಾಕಿ.

15 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಫ್ತು ವಿಭಾಗದ ಹೊಣೆ ಹೊತ್ತವನು

ಲಗತ್ತು: ಗೇಟ್ ಚೀಟಿ, ಫೋಟೋಗಳು, ಲಾಗರ್ ದಾಖಲೆ, ಬಿಲ್ ಪ್ರತಿ