ಭಾನುವಾರ ಬೆಳಗನ್ನು ಮಕ್ಕಳಿಗೆ ಬಿಟ್ಟುಕೊಡಿ

ಮಾನ್ಯ ಸಂಪಾದಕರೇ,

ಉಡುಪಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಒಂಬತ್ತು ವರ್ಷಗಳಿಂದ ಹದಿಹರೆಯದವರ ಗುಂಪು ನಡೆಸುತ್ತಿದ್ದೇನೆ. ದೃಢೀಕರಣವಾಗಿ, ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಂಡು, ಮೊದಲ ಸಲ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡ ಮಕ್ಕಳು ಆಮೇಲೆ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಅವರ ನಂಬಿಕೆ ಬತ್ತಿಲ್ಲ, ಭಾನುವಾರ ಬೆಳಿಗ್ಗೆ ಕೋಚಿಂಗ್ ಇರುತ್ತದೆ.

ಕನ್ನಡ ಓದುವುದೂ ಅವರಿಗೆ ಕಷ್ಟ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದಿತು. ಅದೇ ಕರಾವಳಿಯ ನಮ್ಮ ಮಕ್ಕಳು ಕೀರ್ತನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ನಾನು ಬೈಯಲಿಲ್ಲ. ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ, ಅದನ್ನೇ ಸರದಿಯಲ್ಲಿ ಓದಿಸಿದೆ. ತಪ್ಪಿ ಓದಿದರೆ ಯಾರೂ ನಗಬಾರದು, ಅಷ್ಟೇ ನಿಯಮ.

ಬಿರುಗಾಳಿಯಲ್ಲಿ ಯೇಸು ದೋಣಿಯಲ್ಲಿ ಮಲಗಿದ್ದ ಭಾಗ ಬಂದ ದಿನ, ತಿಂಗಳುಗಟ್ಟಲೆ ಬಾಯಿ ಬಿಡದ ಹುಡುಗನೊಬ್ಬ, “ಅಷ್ಟು ಹೊತ್ತು ಯಾಕೆ ಮಲಗಿದ್ದ?” ಎಂದ. ಅವನಪ್ಪ ಆಗ ಆಸ್ಪತ್ರೆಯಲ್ಲಿದ್ದರು. ನಾನು ಉತ್ತರಕ್ಕೆ ಅವಸರಪಡಲಿಲ್ಲ. ಗೆಳೆಯರು ಮಾತಾಡಿದರು, ಮರುದಿನ ಇಬ್ಬರು ಅವನೊಟ್ಟಿಗೆ ಆಸ್ಪತ್ರೆಗೆ ಹೋಗಿ ಕೂತರು. ಆ ವಾರದ ನನ್ನ ಪಾಠ ಅದಕ್ಕಿಂತ ಹೆಚ್ಚೇನೂ ಕಲಿಸುತ್ತಿರಲಿಲ್ಲ.

ಹೆತ್ತವರೇ, ಕೋಚಿಂಗ್ ನಡೆಸುವವರೇ, ಭಾನುವಾರ ಹನ್ನೊಂದರವರೆಗೆ ಈ ಮಕ್ಕಳನ್ನು ಬಿಡಿ. ಸಭೆಯ ಹಿರಿಯರಲ್ಲೂ ಒಂದು ಬಿನ್ನಹ: ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟಲು ಮಾತ್ರ ಅವರನ್ನು ಕರೆಯಬೇಡಿ. ಈ ಸಲದ ಬೆಳೆಹಬ್ಬದಲ್ಲಿ ಕಾಣಿಕೆಯಾಗಿ ಬಂದ ಫಸಲಿನ ಏಲಂನ ಲೆಕ್ಕಪುಸ್ತಕವನ್ನು ಅವರ ಕೈಗೇ ಕೊಡಿ.

– ಹದಿಹರೆಯದವರ ಗುಂಪಿನ ಶಿಕ್ಷಕಿ, ಉಡುಪಿ